ಗೇಣಿ ನೆಲದ ಮೇಲಿನ ಮನೆ

ನಮ್ಮ ಮನೆಯ ಅಟ್ಟ ಹತ್ತಿ ಪಡುವಣ ಗೋಡೆಗೆ ಟಾರ್ಚು ಬಿಟ್ಟರೆ ನೆತ್ತಿಯಿಂದ ಎರಡೂ ಕಡೆಗೆ ಇಳಿಯುವ ಓರೆ ಗೆರೆಯೊಂದು ಕಾಣುತ್ತದೆ. ಗೆರೆಯ ಒಳಗಿನದು ಮಣ್ಣಿನ ಗೋಡೆ, ಹೊಗೆ ಹಿಡಿದು ಕಪ್ಪಾಗಿದೆ. ಹೊರಗಿನದು ಜಂಬಿಟ್ಟಿಗೆ ಕಲ್ಲು, ಅದರ ಕೆಂಪು ಇನ್ನೂ ಪೂರ್ತಿ ಮಾಸಿಲ್ಲ. ಗೆರೆ ಈಗಿನ ಮಾಡಿಗಿಂತ ತುಂಬ ಕಡಿದು. ಸೋಗೆ ಹೊದೆಸುತ್ತಿದ್ದ ಕಾಲದ ಮಾಡು ಕೂತಿದ್ದ ಜಾಗ ಅದು. ಅಡಿಕೆ ಸೋಗೆಯಾಗಲಿ, ಕರಡವಾಗಲಿ ಹೊದೆಸಿದ ಮಾಡು ಕಡಿದಾಗಿರಲೇಬೇಕು. ಬಿದ್ದ ನೀರು ಒಳಕ್ಕೆ ಇಂಗುವ ಮೊದಲೇ ಜಾರಿಹೋಗಬೇಕು. ಮಂಗಳೂರು ಹೆಂಚಿಗೆ ಅಷ್ಟು ಇಳಿಜಾರು ಬೇಡ. ಹಾಗಾಗಿ ಸೋಗೆ ತೆಗೆದು ಹೆಂಚು ಹಾಕಿದ ವರ್ಷ ನೆತ್ತಿ ಇದ್ದಲ್ಲೇ ಇತ್ತು, ಅಕ್ಕಪಕ್ಕದ ಗೋಡೆಗಳು ಮೇಲೆದ್ದವು. ನಡುವೆ ಉಳಿದ ಮೂಲೆಗಳನ್ನು ಜಂಬಿಟ್ಟಿಗೆಯಲ್ಲಿ ತುಂಬಿದರು.

ಮನೆ ಹಳೆಯದು ಎಂದ ಕೂಡಲೇ ಬಂದವರು ಕೇಳುವುದು, ಎಷ್ಟು ವರ್ಷದ್ದು ಎಂದು. ಯಾವ ಭಾಗ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ. ನಡುಮನೆಯ ಗೋಡೆ ಮುತ್ತಜ್ಜನ ಕಾಲದ್ದು. ಜಗಲಿಯ ಕಂಬಗಳು ಈ ಮನೆಯವೇ ಅಲ್ಲ. ಮಾಡು ಅಪ್ಪನದು. ಮುಂದಿನ ಎರಡು ಕೋಣೆ ಅಣ್ಣನದು. ಬುಡದ ಗಾರೆ ಮೊನ್ನೆ ಮೊನ್ನೆ ಬಳಿದದ್ದು. ಒಂದೊಂದು ಬದಲಾವಣೆಗೂ ಒಂದೊಂದು ಕಾರಣವಿತ್ತು, ಮತ್ತು ಆ ಕಾರಣಗಳಲ್ಲಿ ಹೆಚ್ಚಿನವು ಮಳೆಗೋ ಮರಕ್ಕೋ ಸಂಬಂಧಿಸಿದವಲ್ಲ, ನೆಲ ಯಾರದು ಎಂಬ ಪ್ರಶ್ನೆಗೆ ಸಂಬಂಧಿಸಿದವು.

ನಾವು ಸಾಗರ ತಾಲ್ಲೂಕಿನ ದೀವರು, ಗೇಣಿ ಒಕ್ಕಲು. ಮುತ್ತಜ್ಜ ಮನೆ ಕಟ್ಟಿದ ಜಾಗ ಒಡೇರದ್ದು, ಅಂದರೆ ಭೂಮಾಲೀಕರದ್ದು, ಗದ್ದೆಯೂ ಅವರದೇ. ಗೋಡೆಯ ಮಣ್ಣನ್ನು ಹಿತ್ತಿಲಲ್ಲೇ ತೋಡಿದ್ದಂತೆ. ತೋಡಿದ ಹೊಂಡ ನಮ್ಮ ಕಾಲಕ್ಕೆ ಗೊಬ್ಬರದ ಗುಂಡಿಯಾಗಿತ್ತು. ಮಣ್ಣಿಗೆ ಹುಲ್ಲು ಕೊಚ್ಚಿ ಹಾಕಿ, ನೀರುಬಿಟ್ಟು, ಎತ್ತು ಮತ್ತು ಆಳು ಸೇರಿ ತುಳಿದು, ಕೊಳೆಯಲು ಬಿಟ್ಟು, ಮತ್ತೆ ತುಳಿದು ಉಂಡೆ ಮಾಡಿ ಒಂದರ ಮೇಲೊಂದು ಎಸೆಯುತ್ತ ಕಟ್ಟುವ ಗೋಡೆ ಅದು. ಒಂದೂವರೆ ಅಡಿ ಏರಿದರೆ ನಿಲ್ಲಿಸಿ ಒಣಗಲು ಬಿಡಬೇಕು, ಆತುರಪಟ್ಟರೆ ಕೆಳಗಿನದು ಹೊಟ್ಟೆ ಬಿಡುತ್ತದೆ. ಹೀಗೆ ವರಸೆ ವರಸೆಯಾಗಿ ಏರಿದ ಗುರುತು ಗೋಡೆಯಲ್ಲಿ ಇಂದಿಗೂ ಅಡ್ಡಗೆರೆಗಳಾಗಿ ಇದೆ. ದಪ್ಪ ಒಂದೂವರೆ ಮೊಳ. ಏಪ್ರಿಲ್ ಮಧ್ಯಾಹ್ನ ಅದಕ್ಕೆ ಬೆನ್ನು ಕೊಟ್ಟು ಕೂತರೆ ತಂಪು, ಜುಲೈ ರಾತ್ರಿ ಬೆಚ್ಚಗೆ.

ಮರಮಟ್ಟು ಮಾತ್ರ ಬಡವಾಗಿತ್ತು. ಪಕಾಸಿಗೆ ಬೈನೆ ಮರ ಸೀಳಿದ್ದು, ಅಡ್ಡಕ್ಕೆ ಅಡಿಕೆ ದಬ್ಬೆ, ಬಿಗಿಯಲು ಬಳ್ಳಿ. ಜಗಲಿಯ ಕಂಬಗಳೂ ಸಿಪ್ಪೆ ಹೆರೆದ ಕಾಡುಮರದ ಗಳಗಳೇ. ಕಾಡಿನ ನಡುವೆ ಇದ್ದುಕೊಂಡು, ಒಳ್ಳೆಯ ಆಚಾರಿಗಳು ಒಂದು ಕೂಗಳತೆಯಲ್ಲಿದ್ದರೂ ಹೀಗೇಕೆ ಎಂದು ಹುಡುಗನಾಗಿದ್ದಾಗ ಅಜ್ಜನನ್ನು ಕೇಳಿದ್ದೆ. ಅಜ್ಜ ಹೇಳಿದ್ದು ಇಷ್ಟೇ: "ನಾಳೆ ಒಡೇರು ಏಳು ಅಂದ್ರೆ ಏಳ್ಬೇಕು. ಕಂಬ ಹೊತ್ಕಂಡು ಹೋಗಕ್ಕಾಗ್ತದಾ?"

ಸೋಗೆ ಮನೆ ಅಂದರೆ ಬಡತನ ಎಂದು ಎಲ್ಲರೂ ತಿಳಿಯುತ್ತಾರೆ. ಬಡತನ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದು ಭಯ. ಎಬ್ಬಿಸಿದರೆ ಹೋಗಬೇಕಾದ ಜಾಗದಲ್ಲಿ ಯಾರೂ ಹತ್ತು ವರ್ಷದ ಮೇಲೆ ಬಾಳುವ ವಸ್ತುವಿಗೆ ಹಣ ಸುರಿಯುವುದಿಲ್ಲ. ಸೋಗೆಯನ್ನು ಪ್ರತಿ ವರ್ಷ ಮಳೆಗೆ ಮುಂಚೆ ಹೊಸದಾಗಿ ಹೊದೆಸಬೇಕು. ಊರಿನವರು ಮುಯ್ಯಾಳಿಗೆ ಬಂದು ಒಬ್ಬರ ಮನೆಯಾದ ಮೇಲೆ ಇನ್ನೊಬ್ಬರ ಮನೆ ಎಂದು ಮುಗಿಸುತ್ತಿದ್ದರು. ಆ ಕೆಲಸದ ಉಲ್ಲಾಸ ನನಗೆ ಚೆನ್ನಾಗಿ ನೆನಪಿದೆ. ಕಂತೆ ಎಸೆಯುವವರು ಕೆಳಗೆ, ಹಿಡಿದು ಕಟ್ಟುವವರು ಮೇಲೆ, ಮಧ್ಯಾಹ್ನ ಕೋಳಿ ಸಾರು. ಆದರೆ ಸೂರು ಜಗಲಿಯ ಮುಂದೆ ಎಷ್ಟು ಕೆಳಗಿಳಿಯುತ್ತಿತ್ತೆಂದರೆ ಅಜ್ಜನಂತಹ ಎತ್ತರದ ಆಳು ತನ್ನ ಮನೆಯ ಒಳಗೆ ಹೋಗಲು ದಿನವೂ ಸೊಂಟ ಬಗ್ಗಿಸಬೇಕಿತ್ತು.

ನಮ್ಮ ಕಡೆಯ ಗೇಣಿದಾರರು ಸೊಂಟ ನೆಟ್ಟಗೆ ಮಾಡಲು ಹೊರಟದ್ದು 1951ರ ಏಪ್ರಿಲ್‌ನಲ್ಲಿ, ಕಾಗೋಡಿನಲ್ಲಿ. ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಕೊಡುವ ಕೊಳಗದ ಲೆಕ್ಕ ಒಂದು, ಅಳೆಯುವ ಕೊಳಗದ ಗಾತ್ರ ಇನ್ನೊಂದು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ ಅದನ್ನು ಪ್ರಶ್ನಿಸಿತು. ಒಡೇರು ತಡೆದ ಗದ್ದೆಗೆ ಉಳಲು ಇಳಿದವರನ್ನು ತಂಡ ತಂಡವಾಗಿ ಬಂಧಿಸಿದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಹೋರಾಟದ ಜೊತೆಗೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಅಜ್ಜ ಕಾಗೋಡಿಗೆ ಹೋಗಿ ಬಂದದ್ದನ್ನು ಅಜ್ಜಿ ಹೇಳುತ್ತಿದ್ದಳು, ಅಜ್ಜ ಹೇಳುತ್ತಿರಲಿಲ್ಲ. ಹೋದವರ ಮನೆಗಳ ಮೇಲೆ ಒಡೇರ ಕಣ್ಣಿತ್ತು. ಆ ವರ್ಷ ಸೋಗೆ ಹೊದೆಸಲೂ ಹೆದರಿ, ಹಳೆಯ ಹೊದಿಕೆಯ ಮೇಲೆಯೇ ತೇಪೆ ಹಾಕಿ ಮಳೆಗಾಲ ಕಳೆದರಂತೆ.

ಈಗ ಕಂಬಗಳ ಮಾತು. ಜಗಲಿಯಲ್ಲಿ ಎರಡು ಹಲಸಿನ ಕಂಬಗಳಿವೆ. ಬುಡ ಚೌಕ, ಮೇಲೆ ಎಂಟು ಮೂಲೆ, ತಲೆಯಲ್ಲಿ ಬಾಳೆಮೂತಿ ಕೆತ್ತಿದ ಬೋದಿಗೆ. ಇಷ್ಟು ಸಣ್ಣ ಮನೆಗೆ ಹೆಚ್ಚಾಯಿತು ಅನ್ನಿಸುವಷ್ಟು ಚೆಂದ. ಹತ್ತಿರ ಹೋಗಿ ನೋಡಿದರೆ ಒಂದೊಂದು ಕಂಬದ ಮೈಯಲ್ಲೂ ಯಾವುದಕ್ಕೂ ಸೇರದ ತೂತುಗಳು. ಒಂದು ಸೊಂಟದೆತ್ತರದಲ್ಲಿ, ಕಟಕಟೆಯ ಅಡ್ಡಪಟ್ಟಿ ಕೂರಿಸಲು ಕೊರೆದದ್ದು. ಇನ್ನೊಂದು ಮೇಲೆ, ನಮ್ಮಲ್ಲಿಲ್ಲದ ತೊಲೆಯೊಂದಕ್ಕಾಗಿ. ಅವು ಅವ್ವನ ತವರುಮನೆಯ ಕಂಬಗಳು. ಅವ್ವನ ತವರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಊರು ಮುಳುಗಡೆಯಾಯಿತು. ಅದಕ್ಕೂ ಮುಂಚೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಕಾಲಕ್ಕೆ ಒಮ್ಮೆ ಗದ್ದೆ ಕಳೆದುಕೊಂಡವರು ಅವರು. ಈ ಸಲ ಮನೆಯೂ ಹೋಯಿತು. ಹೋಗುವ ಮೊದಲು ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಹೆಂಚು, ಬಾಗಿಲು, ಕಿಟಕಿ, ತೊಲೆ, ಕೊನೆಗೆ ಮೆಟ್ಟಿಲ ಕಲ್ಲು ಕೂಡ ಗಾಡಿಗೇರಿತು. ಸೋದರಮಾವಂದಿರು ಗಂಟುಮೂಟೆ ಕಟ್ಟಿ ಶಿವಮೊಗ್ಗದ ಕಡೆಯ ಕಾಡಿಗೆ ಹೋದರು. ಅವ್ವನ ಪಾಲಿಗೆ ಎರಡು ಕಂಬ, ಒಂದು ಬಾಗಿಲು ಬಂದವು.

ಬಂದವು ಸರಿ, ನಿಲ್ಲಿಸಲಿಲ್ಲ. ಸೋಗೆ ಮಾಡಿನ ಕೊಟ್ಟಿಗೆಯಲ್ಲಿ ಹುಲ್ಲು ಸುತ್ತಿ ಮಲಗಿಸಿಟ್ಟರು. ಒಡೇರ ನೆಲದಲ್ಲಿ ತವರಿನ ಕಂಬ ನೆಡಲು ಅವ್ವನಿಗೂ ಮನಸ್ಸಿರಲಿಲ್ಲ, ಅಪ್ಪನಿಗೆ ಧೈರ್ಯವಿರಲಿಲ್ಲ. ಮಳೆಗಾಲ ಮುಗಿದ ಕೂಡಲೇ ಅವ್ವ ಹುಲ್ಲು ಬಿಚ್ಚಿ, ಗೆದ್ದಲು ಹತ್ತಿದೆಯೇ ನೋಡಿ, ಗೇರೆಣ್ಣೆ ಬಳಿದು ಮತ್ತೆ ಸುತ್ತುತ್ತಿದ್ದಳು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಕೈಗೆ ತಾಗಿದರೆ ಸುಡುತ್ತದೆ. ಅವಳ ಬೆರಳ ತುದಿ ಸುಲಿದದ್ದು ನೋಡಿದ್ದೇನೆ. ಹತ್ತು ವರ್ಷಕ್ಕೂ ಮಿಕ್ಕಿ ಹಾಗೆ ಕಾದ ಕಂಬಗಳು ಅವು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸರ ಸರ್ಕಾರ. ಗೇಣಿ ಪದ್ಧತಿಯೇ ಇಲ್ಲವಾಗಿ, ಉಳುತ್ತಿದ್ದವರು ಏಳನೇ ನಂಬರಿನ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ನಮ್ಮ ಕಡೆ ಅದಕ್ಕೆ ಡಿಕ್ಲರೇಷನ್ ಹಾಕುವುದು ಎನ್ನುತ್ತಿದ್ದರು. ನಾನು ಆಗ ಹೈಸ್ಕೂಲು. ಅಪ್ಪ ಹೇಳಿದ್ದನ್ನು ಫಾರಮ್ಮಿನಲ್ಲಿ ಬರೆದದ್ದು ನಾನೇ. ಚಕ್ಕುಬಂದಿ ಬರೆಯುವಾಗ ಮೂಡಲಿಗೆ ಏನು, ತೆಂಕಲಿಗೆ ಏನು ಎಂದು ಅಪ್ಪ ಕಣ್ಣುಮುಚ್ಚಿ ಹೇಳಿದ. ತೀರ್ಮಾನವಾಗಲು ವರ್ಷಗಳು ಹಿಡಿದವು. ಎಪ್ಪತ್ತರ ದಶಕದ ಕೊನೆಗೆ ಕಾಗದ ಕೈಗೆ ಬಂತು. ಅಪ್ಪ ಕಾಗದವನ್ನು ದೇವರ ಗೂಡಿನಲ್ಲಿಟ್ಟು ಮೊದಲು ಕರೆಸಿದ್ದು ಆಚಾರಿಯನ್ನು.

ಮುಂದಿನ ಬೇಸಿಗೆ ಸೋಗೆ ಇಳಿಯಿತು. ಗೋಡೆಯ ಮೇಲೆ ಜಂಬಿಟ್ಟಿಗೆ ಏರಿತು. ಬೈನೆ ಪಕಾಸಿ ಹೋಗಿ ಮತ್ತಿಯ ಪಕಾಸಿ, ಅದರ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಎಲ್ಲ ಹೊಸ ಹೆಂಚು ಕೊಳ್ಳುವಷ್ಟು ಹಣವಿರಲಿಲ್ಲ. ಅರ್ಧ ಘಟ್ಟದ ಕೆಳಗಿನಿಂದ ಲಾರಿಯಲ್ಲಿ ಬಂದದ್ದು, ಅರ್ಧ ಬಿಚ್ಚಿದ ಮನೆಯೊಂದರಿಂದ ಕೊಂಡ ಹಳೆಯದು. ಹಳೆಯ ಹೆಂಚುಗಳ ಅಡಿಯಲ್ಲಿ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಅಚ್ಚೊತ್ತಿವೆ. ಅಣ್ಣನ ಮಗ ಅದನ್ನು ನೋಡಿ, ನಮ್ಮ ಹೆಂಚು ನೂರೈವತ್ತು ವರ್ಷ ಹಳೆಯದು ಎಂದು ಗೆಳೆಯರಿಗೆಲ್ಲ ಹೇಳಿದ್ದ. ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ ಕಾರ್ಖಾನೆ ಶುರುವಾದ ವರ್ಷ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ, ನೇತ್ರಾವತಿಯ ಕಡೆಯ ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಮಾಡಿಸಿದ. ಮೊದಲ ಮಹಾಯುದ್ಧವಾದ ಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಕುಂಬಾರರ ನಾಡಹೆಂಚು ಬರಿಯ ಭಾರದಿಂದ ಕೂರುತ್ತದೆ. ಕೋತಿ ಹಾರಿದರೆ ಜಾರುತ್ತದೆ, ವರ್ಷವೂ ಕೈಯಾಡಿಸಬೇಕು. ಮಂಗಳೂರು ಹೆಂಚಿನ ಅಂಚಿನಲ್ಲಿ ಕಾಲುವೆಯೂ ತುಟಿಯೂ ಇರುವುದರಿಂದ ಗಾಳಿಮಳೆಗೆ ಸುಲಭವಾಗಿ ಜಗ್ಗುವುದಿಲ್ಲ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಸೂರನ್ನು ಗೋಡೆಯಿಂದ ಮೂರಡಿ ಹೊರಕ್ಕೆ ಬಿಟ್ಟದ್ದು ಆಚಾರಿಯ ಹಟ. ಮಣ್ಣಿನ ಗೋಡೆಗೆ ಮಳೆ ತಾಗಬಾರದು ಎಂದು ಅವರು ಅಪ್ಪನ ಮಾತನ್ನೂ ಕೇಳಲಿಲ್ಲ.

ಕಂಬಗಳು ಆ ವರ್ಷ ನಿಂತವು. ಅವ್ವ ಬುಡಕ್ಕೆ ಹಾಲು ಹೊಯ್ದಳು. ಹಳೆಯ ತೂತುಗಳಿಗೆ ಮರದ ಬೆಣೆ ಹೊಡೆದು ಮುಚ್ಚಿಬಿಡಲೇ ಎಂದು ಆಚಾರಿ ಕೇಳಿದಾಗ ಬೇಡ ಎಂದದ್ದೂ ಅವಳೇ.

ನೆಲ ನಮ್ಮದಾದದ್ದು ಹೊರಗಿನಿಂದ ಕಾಣುವುದಕ್ಕಿಂತ ಒಳಗೆ ಹೆಚ್ಚು ಕಾಣುತ್ತದೆ. ಜಗಲಿಯ ಒಂದು ತುದಿ ಉಳಿದದ್ದಕ್ಕಿಂತ ಒಂದು ಗೇಣು ಎತ್ತರವಿತ್ತು. ಗೇಣಿ ವಸೂಲಿಗೆ ಒಡೇರು ಬಂದರೆ ಕೂರುವ ಜಾಗ ಅದು. ವರ್ಷದ ಉಳಿದ ದಿನ ಖಾಲಿ. ನಾವು ಮಕ್ಕಳು ಅಲ್ಲಿ ಆಡಿದರೆ ಅಜ್ಜಿ ಗದರುತ್ತಿದ್ದಳು. ಹೆಂಚು ಹಾಕಿದ ವರ್ಷ ಅಪ್ಪ ಅದನ್ನು ಕೆಡವಿಸಲಿಲ್ಲ. ಅಲ್ಲೊಂದು ಮಣೆ, ಮಣೆಯ ಮೇಲೊಂದು ಲಾಟೀನು ಇಟ್ಟು ನಮಗೆ ಓದಲು ಕೊಟ್ಟ. ನಾನು ಮೇಷ್ಟರಾದ ಓದು ಅಲ್ಲಿ ನಡೆಯಿತು.

ಕಣಜವೂ ಆಗಲೇ ಬಂದದ್ದು. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಭತ್ತ ತುಂಬಿಡುವ ಜಾಗವೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಣದಲ್ಲಿ ಒಕ್ಕಿದ ಭತ್ತದ ದೊಡ್ಡ ಪಾಲು ಅಲ್ಲಿಂದಲೇ ಒಡೇರ ಮನೆಗೆ ಹೋಗುತ್ತಿತ್ತು, ಉಳಿದದ್ದು ಹುಲ್ಲಿನ ಮೂಡೆಗಳಲ್ಲಿ ಮೂಲೆ ಸೇರುತ್ತಿತ್ತು. ಮೊದಲ ಬಾರಿ ಬೆಳೆಯೆಲ್ಲ ಮನೆಗೇ ಬಂದಾಗ ಎಲ್ಲಿಡಬೇಕೆಂದು ತಿಳಿಯದೆ ನಡುಮನೆಯಲ್ಲಿ ರಾಶಿ ಹಾಕಿ, ಅದರ ಸುತ್ತ ನಾವೆಲ್ಲ ಮಲಗಿದ್ದೆವು. ಮರುವರ್ಷ ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಹಲಗೆಯ ಕಣಜ ಎದ್ದಿತು, ಇಲಿ ಹತ್ತದಂತೆ ನೆಲದಿಂದ ಒಂದೂವರೆ ಅಡಿ ಮೇಲೆ. ಯಾವುದೇ ವಾಸ್ತುಶಿಲ್ಪದ ಪುಸ್ತಕದಲ್ಲಿ ಈ ಕೋಣೆಯನ್ನು ಮಲೆನಾಡಿನ ಸಾಂಪ್ರದಾಯಿಕ ಕಣಜ ಎಂದು ಬರೆದಾರು. ನಮ್ಮ ಮನೆಯಲ್ಲಿ ಅದು ಸಂಪ್ರದಾಯದಿಂದ ಬಂದದ್ದಲ್ಲ, ಕಾಯ್ದೆಯಿಂದ ಬಂದದ್ದು.

ಅಡುಗೆಮನೆ ಬದಲಾದದ್ದು ಎಂಬತ್ತರ ದಶಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ವಿಭಾಗ ಹಳ್ಳಿಗೆ ಬೇಕಾದ ತಂತ್ರಜ್ಞಾನದ ಕೆಲಸ ಮಾಡುತ್ತಿತ್ತು. ಅಲ್ಲಿಂದ ಬಂದ ಅಸ್ತ್ರ ಒಲೆಗೆ ಪಾತ್ರೆ ಇಡಲು ಸಾಲಾಗಿ ಮೂರು ಬಾಯಿ, ತುದಿಯಲ್ಲಿ ಹೊಗೆ ಕೊಳವೆ. ಅದು ಬಂದ ಮೇಲೆ ಅವ್ವನ ಕಣ್ಣು ಕೆಂಪಾಗುವುದು ನಿಂತಿತು, ಬೆಳಗಿನ ಕೆಮ್ಮು ಕಡಿಮೆಯಾಯಿತು. ಆದರೆ ಅಟ್ಟಕ್ಕೆ ಹೊಗೆ ಹೋಗುವುದೂ ನಿಂತಿತು. ಇಲ್ಲಣ ಕಟ್ಟಿ ಕರ‍್ರಗಾಗಿದ್ದ ಹಳೆಯ ತೊಲೆಗೆ ಅದುವರೆಗೆ ಒಂದು ಹುಳ ಹತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅಟ್ಟದ ಹಲಗೆಯಿಂದ ಹಿಟ್ಟು ಉದುರತೊಡಗಿತು. ಹೊಗೆ ಮರವನ್ನು ಕಾಯುತ್ತಿತ್ತು, ಅವ್ವನ ಎದೆಯನ್ನು ತಿನ್ನುತ್ತಿತ್ತು. ಹಳೆಯ ಮನೆಯಲ್ಲಿ ಎಲ್ಲಕ್ಕೂ ಅರ್ಥವಿತ್ತು ಎಂದು ಹೊಗಳುವವರು ಈ ಎರಡನೆಯದನ್ನು ಮರೆಯುತ್ತಾರೆ. ತೊಲೆಗೆ ಗೇರೆಣ್ಣೆ ಬಳಿದರೆ ಆಯಿತು. ಅವ್ವನಿಗೆ ಬಳಿಯುವ ಎಣ್ಣೆ ಯಾವುದೂ ಇರಲಿಲ್ಲ.

ನಡುಮನೆಯ ಮೂಡಲ ಗೋಡೆ ಹಸೆಗೋಡೆ. ಮನೆಯಲ್ಲಿ ಮದುವೆಯಾದರೆ ಚಿತ್ತಾರ ಬರೆಯುವುದು ಅದರ ಮೇಲೆ. ಮೊದಲು ಗೋಡೆಗೆ ಕೆಮ್ಮಣ್ಣು ಸಾರಿಸಬೇಕು. ಅಕ್ಕಿ ನೆನೆಸಿ ಅರೆದು ಬಿಳಿ, ಅಕ್ಕಿಯನ್ನೇ ಕರಿಯಾಗುವಂತೆ ಹುರಿದು ಅರೆದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ತುದಿ ಜಜ್ಜಿದರೆ ಅದೇ ಕುಂಚ. ಅಕ್ಕನ ಮದುವೆಗೆ ಅಜ್ಜಿ ಮತ್ತು ಕೇರಿಯ ಹೆಂಗಸರು ಹಾಡು ಹೇಳುತ್ತ ಬರೆದ ಎಳೆಗಳು, ತೇರು, ಬಾಸಿಂಗ, ಜೋಗಿಜಡೆ ನನ್ನ ಕಣ್ಣಲ್ಲಿವೆ. ಅಳತೆಗೋಲು ಇಲ್ಲದೆ, ಕೈ ನಡುಗದೆ, ಒಂದು ಗೆರೆ ಇನ್ನೊಂದಕ್ಕೆ ತಾಗದಂತೆ ಎಳೆದದ್ದು. ಕಲೆಯ ಬಗ್ಗೆ ಮಾತಾಡುವವರು ಬಣ್ಣ, ಆಕೃತಿ ಎನ್ನುತ್ತಾರೆ. ನನಗೆ ಮೊದಲು ಗೋಡೆ ಮುಖ್ಯ. ಮಣ್ಣಿನ ಗೋಡೆ ಬಣ್ಣದ ನೀರನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಗೆರೆ ಹರಡದೆ ನಿಲ್ಲುತ್ತದೆ. ಆ ಗೋಡೆ ಹೋದರೆ ಚಿತ್ತಾರ ಕಾಗದಕ್ಕೋ ಬಟ್ಟೆಗೋ ಹಲಗೆಗೋ ಹೋಗಬೇಕು, ಹೋಗಿಯೂ ಇದೆ.

ನಮ್ಮಲ್ಲಿ ಆ ಗೋಡೆ ಹೋದದ್ದು ತೊಂಬತ್ತರ ದಶಕದ ಶುರುವಿಗೆ. ಅಣ್ಣ ಮುಂದೆ ಎರಡು ಆರ್‌ಸಿಸಿ ಕೋಣೆ ಕಟ್ಟಿಸಿದ, ಹಳೆಯ ಗೋಡೆಗಳಿಗೆಲ್ಲ ಸಿಮೆಂಟು ಪ್ಲಾಸ್ಟರ್ ಮಾಡಿಸಿದ, ನಡುಮನೆಗೆ ಹೊಳೆಯುವ ಟೈಲ್ಸ್ ಹಾಕಿಸಿದ. ಅವನನ್ನು ನಾನು ದೂರುವುದಿಲ್ಲ. ಹೆಣ್ಣು ಕೇಳಲು ಹೋದಲ್ಲೆಲ್ಲ ತಾರಸಿ ಮನೆಯೇ ಎಂದು ಕೇಳುತ್ತಿದ್ದರು. ಸಾಲ ಕೊಡುವವರಿಗೂ ಮಣ್ಣಿನ ಗೋಡೆ ಎಂದರೆ ಮೂಗುಮುರಿಯುವುದೇ. ಸಗಣಿ ನೆಲ ದಿನವೂ ಸಾರಿಸಿ ಅತ್ತಿಗೆಯ ಸೊಂಟ ಬಿದ್ದುಹೋಗಿತ್ತು. ತಲೆತಲಾಂತರ ಮಣ್ಣಿನಲ್ಲಿ ಬದುಕಿದವರಿಗೆ ಸಿಮೆಂಟು ಮರ್ಯಾದೆಯ ವಸ್ತುವಾಗಿತ್ತು.

ಗೋಡೆ ಮಾತ್ರ ಸಹಿಸಲಿಲ್ಲ. ಮಣ್ಣಿನ ಗೋಡೆ ನೆಲದಿಂದ ನೀರು ಎಳೆದುಕೊಳ್ಳುತ್ತದೆ, ಅದು ಅದರ ಗುಣ. ಮಳೆಗಾಲದಲ್ಲಿ ಎಳೆದದ್ದನ್ನು ಬೇಸಿಗೆಯಲ್ಲಿ ಎರಡೂ ಮೈಯಿಂದ ಬಿಡುತ್ತದೆ. ಕೆಮ್ಮಣ್ಣು, ಶೇಡಿ, ಸುಣ್ಣ ಯಾವುದೂ ಅದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟು ಬಳಿದ ಮೇಲೆ ಬಿಡುವ ದಾರಿ ಮುಚ್ಚಿತು. ನೆಲದಲ್ಲಿಯೂ ಟೈಲ್ಸ್ ಕೂತದ್ದರಿಂದ ಅಲ್ಲಿನ ತೇವವೂ ಗೋಡೆಯ ಬುಡಕ್ಕೇ ನುಗ್ಗಿತು. ಪಸೆ ಮೊದಲು ಮೊಣಕಾಲೆತ್ತರ ಇದ್ದದ್ದು ಸೊಂಟಕ್ಕೆ ಏರಿತು. ಸಿಮೆಂಟಿಗೂ ಮಣ್ಣಿಗೂ ಹಿಗ್ಗುವ ಕುಗ್ಗುವ ಲೆಕ್ಕ ಒಂದಲ್ಲ. ಪ್ಲಾಸ್ಟರು ಗೋಡೆಯಿಂದ ಬಿಟ್ಟುಕೊಂಡು ನಡುವೆ ಪೊಳ್ಳು ಬಿತ್ತು, ಬಡಿದರೆ ಡಬಡಬ ಸದ್ದು. ಆ ಪೊಳ್ಳಿನಲ್ಲಿ ಗೆದ್ದಲು ಯಾರ ಕಣ್ಣಿಗೂ ಬೀಳದೆ ಬಾಗಿಲ ದಾರಂದದವರೆಗೆ ಹತ್ತಿತು. ಮೊದಲಾದರೆ ಕೆಮ್ಮಣ್ಣಿನ ಮೇಲೆ ಗೆದ್ದಲಿನ ಗೆರೆ ಕಂಡ ದಿನವೇ ಅವ್ವ ಪೊರಕೆಯಲ್ಲಿ ಉಜ್ಜಿಬಿಡುತ್ತಿದ್ದಳು. ತಾರಸಿಯೂ ಹೆಂಚಿನ ಮಾಡೂ ಸೇರುವ ಸಂದಿಯಲ್ಲಿ ತಗಡಿನ ದೋಣಿ ಇಟ್ಟಿದ್ದರು. ಅದು ಎಲೆ ಕಟ್ಟಿಕೊಂಡು ಜಗಲಿಗೆ ಸುರಿಯದ ಮಳೆಗಾಲ ಇರಲಿಲ್ಲ. ಮೂರಡಿ ಸೂರು ಬಿಟ್ಟ ಆಚಾರಿಯ ಹಟದ ಬೆಲೆ ಆಗ ತಿಳಿಯಿತು.

ನಾನು ನಿವೃತ್ತನಾಗಿ ಊರಿಗೆ ಬಂದ ಮೇಲೆ ಅಣ್ಣನೂ ನಾನೂ ಕೂತು ಮಾತಾಡಿದೆವು. ಕೆಡವಿ ಹೊಸದು ಕಟ್ಟುವುದೇ ಸುಲಭ ಎಂದವರು ಬಹಳ. ಹಳೆಯ ಮನೆಗಳಲ್ಲಿ ಕೆಲಸ ಮಾಡಿ ಗೊತ್ತಿದ್ದ ಒಬ್ಬ ಗಾರೆಯವರು ಸಿಕ್ಕಿದರು. ಅವರು ಒಂದು ಮೂಲೆಯ ಪ್ಲಾಸ್ಟರು ಕಿತ್ತು ಒಳಗಿನ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ತೋರಿಸಿದರು. "ಮೇಷ್ಟ್ರೇ, ಗೋಡೆ ಸತ್ತಿಲ್ಲ, ಮೊದ್ಲು ಒಣಗಕ್ಕೆ ಬಿಡಿ" ಎಂದರು. ಬಿಟ್ಟೆವು. ಒಂದು ಇಡೀ ಬೇಸಿಗೆ ಗೋಡೆ ಬರಿ ಮೈಯಲ್ಲಿ ನಿಂತು ಒಣಗಿತು.

ಆಮೇಲೆ ಮಾಡಿದ್ದು ದೊಡ್ಡ ಕೆಲಸವಲ್ಲ. ವರ್ಷ ವರ್ಷ ಮಣ್ಣು ಹಾಕಿ ಹಾಕಿ ಅಂಗಳ ಏರಿತ್ತು, ಜಗಲಿಯ ಕಟ್ಟೆ ಪಾದದೆತ್ತರಕ್ಕೆ ಇಳಿದಿತ್ತು. ಅಂಗಳ ಕಡಿದು ತಗ್ಗಿಸಿ, ಮನೆಯ ಸುತ್ತ ನೀರು ಹೋಗಲು ಚರಂಡಿ ತೋಡಿದೆವು. ಗೆದ್ದಲು ತಿಂದ ದಾರಂದದ ಬುಡ ಕೊಯ್ದು ಹೊಸ ಮರ ಬೆಸೆದೆವು. ಬುಡದ ಮೂರಡಿಗೆ ಕರಾವಳಿಯಿಂದ ತರಿಸಿದ ಚಿಪ್ಪಿನ ಸುಣ್ಣದ ಗಾರೆ, ಅದರ ಮೇಲೆ ಮಣ್ಣಿನ ಗಿಲಾವು. ಟೈಲ್ಸ್ ಇರುವಲ್ಲೇ ಇರಲಿ, ಗೋಡೆಯ ಅಂಚಿನ ಒಂದು ಸಾಲು ಮಾತ್ರ ತೆಗೆಯಿರಿ ಎಂದರು ಗಾರೆಯವರು, ತೆಗೆದೆವು. ಅಣ್ಣನ ಕೋಣೆಗಳನ್ನು ಕೆಡವಲಿಲ್ಲ. ತಾರಸಿಯ ಮೇಲೆ ಹೆಂಚಿನ ಮಾಡು ಎಳೆದು ಹಳೆಯ ಮಾಡಿಗೆ ಸೇರಿಸಿದೆವು. ಸಂದಿಯ ದೋಣಿಗೆ ಕೆಲಸವಿಲ್ಲದಾಯಿತು. ಅಣ್ಣನ ಬೆವರಿನ ಕೋಣೆಗಳು ಅವು, ಮಕ್ಕಳು ಹುಟ್ಟಿ ಬೆಳೆದ ಕೋಣೆಗಳು. ಈ ಮನೆಯ ಚರಿತ್ರೆಯಲ್ಲಿ ಅವಕ್ಕೂ ಜಾಗವಿದೆ.

ಹಸೆಗೋಡೆಯ ಹಳೆಯ ಚಿತ್ತಾರದ ಗುರುತು ಸಿಕ್ಕೀತೆಂದು ಆಸೆಪಟ್ಟಿದ್ದೆ. ಸಿಗಲಿಲ್ಲ. ಸಿಮೆಂಟು ಕಚ್ಚಿಕೊಳ್ಳಲೆಂದು ಗೋಡೆಯನ್ನು ಮೊದಲೇ ಪಿಕಾಸಿಯಲ್ಲಿ ಕಚ್ಚು ಹೊಡೆದಿದ್ದರು. ಅಣ್ಣನ ಮಗನ ಮದುವೆಗೆ ಹೊಸ ಮಣ್ಣಿನ ಗೋಡೆಯ ಮೇಲೆ ಪಕ್ಕದೂರಿನ ಅಜ್ಜಿಯೊಬ್ಬರು ಬಂದು ಬರೆದರು, ಮನೆಯ ಹುಡುಗಿಯರು ಕೂತು ಕಲಿತರು.

ಈಗ ಮನೆ ನೋಡಲು ಆಗೀಗ ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಒಳ್ಳೆಯ ಮನಸ್ಸಿನವರೇ. ಅವರಲ್ಲಿ ಕೆಲವರು, ತಾರಸಿ ತೆಗೆದುಬಿಡಿ, ಹೆಂಚೂ ಇಳಿಸಿ ಮತ್ತೆ ಸೋಗೆ ಹೊದೆಸಿದರೆ ಮನೆ ಮೂಲರೂಪಕ್ಕೆ ಬರುತ್ತದೆ ಎನ್ನುತ್ತಾರೆ. ಅವರ ಮುಂದೆ ನಾನು ಅಟ್ಟದ ಗೆರೆಯ ಕಥೆ ಹೇಳುತ್ತೇನೆ. ಸೋಗೆ ನಮ್ಮ ಮೂಲರೂಪವಲ್ಲ, ನಮ್ಮ ಭಯದ ರೂಪ. ಅಪ್ಪ ಅದನ್ನು ಇಳಿಸಿದ್ದು ಈ ಮನೆಯಲ್ಲಿ ನಡೆದ ಅತಿ ದೊಡ್ಡ ಸಂಗತಿ. ಅದನ್ನು ಅಳಿಸಿ ಚೆಂದ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಸಂಗ್ರಹಾಲಯವಾಗಿ ನಿಂತಿದೆ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬಿದ್ದುಹೋಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಎರಡೂ ದೊಡ್ಡ ಕೆಲಸಗಳು, ಎರಡನ್ನೂ ನಾನು ಮಕ್ಕಳಿಗೆ ತೋರಿಸಿದ್ದೇನೆ. ಆದರೆ ದೊಡ್ಡ ಮನೆಗಳನ್ನು ಉಳಿಸುವವರು ಹೇಗೋ ಹುಟ್ಟಿಕೊಳ್ಳುತ್ತಾರೆ. ಗೇಣಿ ಒಕ್ಕಲಿನ ಸಣ್ಣ ಮನೆಗೆ ಅದರಲ್ಲಿ ವಾಸಿಸುವವರಷ್ಟೇ ದಿಕ್ಕು. ಅಲ್ಲಿ ಬದುಕು ನಡೆಯಬೇಕು, ಶೌಚಾಲಯ ಬೇಕು, ಗ್ಯಾಸು ಬೇಕು, ಮೊಮ್ಮಕ್ಕಳಿಗೆ ಬೆಳಕಿನ ಕೋಣೆ ಬೇಕು. ಬದಲಾಯಿಸಬೇಡಿ ಎಂದು ಯಾರೂ ಹೇಳುವಂತಿಲ್ಲ.

ಹಾಗಾಗಿ ನಮ್ಮ ಕಡೆಯ ಓದುಗರಲ್ಲಿ ಕೇಳುವುದು ಇಷ್ಟು. ನಿಮ್ಮದು 1974ಕ್ಕೆ ಮೊದಲಿನ ಗೇಣಿ ಮನೆಯಾಗಿದ್ದರೆ ಕೆಡವುವ ಮುಂಚೆ ಒಂದು ಹಾಳೆಯ ಮೇಲೆ ಅದರ ಅಳತೆ, ಕೋಣೆ, ಬಾಗಿಲು ಬರೆದಿಡಿ. ಯಾವ ಕಂಬ ಎಲ್ಲಿಂದ ಬಂತು, ಯಾವ ವರ್ಷ ಹೆಂಚು ಬಿತ್ತು, ಕಣಜ ಯಾಕೆ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ಅದರ ಪಕ್ಕದಲ್ಲೇ ಬರೆಯಿರಿ. ಮುಳುಗಡೆಯಿಂದ ಬಂದ ಮರವಿದ್ದರೆ ಮಾರಬೇಡಿ. ಉಳಿಸಿಕೊಳ್ಳುವುದಾದರೆ ಸೂರು ಉದ್ದ ಬಿಡಿ, ಅಂಗಳ ತಗ್ಗಿರಲಿ, ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಬೇಡಿ.